ದೊಡ್ಡಾಟಕ್ಕೆ ಬೆಳಗುವ ಗದೆ, ಚಕ್ರ, ಕಿರೀಟ: ಬ್ಯಾಟರಿ ಯಾವುದು, ಕಟ್ಟೋದು ಹೇಗೆ?

ಹಾನಗಲ್_ಪರದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾನಗಲ್ ತಾಲ್ಲೂಕಿನ ಹಳ್ಳಿಯ ತಂಡ. ಶೇಷಗಿರಿ ಊರಿನ ತಂಡದವರ ಹಾಗೆ ನಮಗೆ ರಂಗಮಂದಿರ ಇಲ್ಲ. ಊರ ಮುಂದಿನ ಕಟ್ಟೆ, ಇಲ್ಲದಿದ್ದರೆ ಜಾತ್ರೆಯ ಬಯಲು, ಅಷ್ಟೇ. ಈ ಸಲದ ದೊಡ್ಡಾಟಕ್ಕೆ ಬೆಳಗುವ ಸಾಮಾನು ಮೂರು ಬೇಕು: ಭೀಮನ ಗದೆ, ಕೃಷ್ಣನ ಚಕ್ರ, ದುರ್ಯೋಧನನ ಕಿರೀಟ.

ಹೋದ ವರ್ಷ ಬಾಡಿಗೆಗೆ ತಂದಿದ್ದೆವು. ಕಿರೀಟದ ಒಳಗೆ ಗ್ಲೂ ಗನ್ ಅಂಟು ಬಿಟ್ಟು ಎಲ್‌ಇಡಿ ಪಟ್ಟಿ ಹಣೆ ಮೇಲೆ ಇಳಿಯಿತು. ಗದೆ ಎರಡನೇ ಏಟಿಗೇ ಆರಿಹೋಯಿತು. ಭೀಮ ಪಾಪ ಅದನ್ನು ತೊಡೆಗೆ ಬಡಿದು ಬಡಿದು ಹೊತ್ತಿಸಲು ನೋಡಿದ. ಜನ ತೊಡೆ ಮುರಿಯುವ ಸೀನ್ ಈಗಲೇ ಬಂತಾ ಅಂತ ನಕ್ಕರು.

ಈ ಸಲ ನಾವೇ ಮಾಡಬೇಕು ಅಂತ ಇದ್ದೇವೆ. ಸೋಲ್ಡರ್ ಹಾಕಲು ಬರುವ ಹುಡುಗ ಒಬ್ಬ ಇದ್ದಾನೆ, ಮೊಬೈಲ್ ರಿಪೇರಿ ಕೆಲಸ. ಆಟ ರಾತ್ರಿ ಹತ್ತಕ್ಕೆ ಶುರು, ಬೆಳಗಿನ ಜಾವದವರೆಗೆ. ಊರಿಂದ ಊರಿಗೆ ಟೆಂಪೋದಲ್ಲಿ ಹೋಗಬೇಕು. ಯಾವ ಬ್ಯಾಟರಿ ಹಾಕೋಣ? ಪವರ್ ಬ್ಯಾಂಕ್ ಸಾಕಾ?

ಬೆಸುಗೆ_ಹುಬ್ಬಳ್ಳಿ

ಬ್ಯಾಟರಿ ಆಮೇಲೆ ಅಣ್ಣಾ. ಮೊದಲು ಇದನ್ನು ಹೇಳಿ: ಒಂದೊಂದು ಸಾಮಾನು ನಿಜವಾಗಿ ಎಷ್ಟು ಹೊತ್ತು ಬೆಳಗಬೇಕು? ಆಟ ರಾತ್ರಿಯಿಡೀ ಅಂದ ಮಾತ್ರಕ್ಕೆ ಗದೆ ರಾತ್ರಿಯಿಡೀ ಉರಿಯಬೇಕಿಲ್ಲ. ಏಟು ಬೀಳೋದು ಯಾವುದಕ್ಕೆ? ಆಟ ಮುಗಿದು ಎಲ್ಲರೂ ನಿದ್ದೆಗಣ್ಣಲ್ಲಿ ಇರುವಾಗ ಚಾರ್ಜಿಗೆ ಹಾಕುವವರು ಯಾರು? ಇದಕ್ಕೆ ಒಬ್ಬರ ಹೆಸರು ಹೇಳಲು ಆಗದಿದ್ದರೆ ಲಿಥಿಯಂ ತಂಟೆಗೇ ಹೋಗಬೇಡಿ.

ಪವರ್ ಬ್ಯಾಂಕ್ ಸುಲಭ ಅನಿಸುತ್ತೆ. ಆದರೆ ಅದರದ್ದೊಂದು ಚಾಳಿ ಇದೆ. ಎಳೆಯುವ ಕರೆಂಟು ತೀರಾ ಕಡಿಮೆಯಾದರೆ, ಬಹಳಷ್ಟು ಪವರ್ ಬ್ಯಾಂಕ್‌ಗಳಲ್ಲಿ 50ರಿಂದ 100 ಮಿಲಿ ಆಂಪಿಯರ್‌ಗಿಂತ ಕೆಳಗೆ ಇಳಿದರೆ, ಮೊಬೈಲ್ ಚಾರ್ಜ್ ಮುಗಿಯಿತು ಅಂದುಕೊಂಡು ತಾನೇ ಆಫ್ ಆಗುತ್ತೆ. ಕಿರೀಟದ ಹತ್ತು ಸಣ್ಣ ದೀಪಕ್ಕೆ ಅಷ್ಟೇನೂ ಕರೆಂಟು ಬೇಡ. ಹೊತ್ತಿಕೊಂಡು ಅರ್ಧ ನಿಮಿಷಕ್ಕೆ ಆರುತ್ತೆ. ದುರ್ಯೋಧನ ಸಭೆಯಲ್ಲಿ ಕೂತು ಕಿರೀಟದ ಬಟನ್ ಒತ್ತೋಕಾಗುತ್ತಾ?

ಇನ್ನೊಂದು, ಪವರ್ ಬ್ಯಾಂಕ್ ಮೇಲೆ 10000 ಮಿಲಿ ಆಂಪಿಯರ್ ಅವರ್ ಅಂತ ಬರೆದಿರೋದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. 5 ವೋಲ್ಟ್‌ಗೆ ಏರಿಸಿ ಹೊರಗೆ ಕೊಡುವಾಗ ಸುಮಾರು 6000 ಸಿಕ್ಕರೆ ದೊಡ್ಡದು. ಬೆಲ್ಟಿಗೆ ಕಟ್ಟುವ, ಜಾಸ್ತಿ ಕರೆಂಟ್ ಎಳೆಯುವ ವೇಷಕ್ಕೆ ಪವರ್ ಬ್ಯಾಂಕ್ ಸರಿ. ಬಿಐಎಸ್ ಗುರುತು ಇರೋದನ್ನೇ ಕೊಳ್ಳಿ.

ನಿಮ್ಮ ಮೂರಕ್ಕೂ ನನ್ನ ಆಯ್ಕೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಪೆನ್ಸಿಲ್ ಸೆಲ್. ಒಂದಕ್ಕೆ 1.2 ವೋಲ್ಟ್, ನಾಲ್ಕು ಸೇರಿದರೆ 4.8. ಐದು ವೋಲ್ಟ್ ಪಟ್ಟಿ ಅದರಲ್ಲೇ ಚೆನ್ನಾಗಿ ಉರಿಯುತ್ತೆ, ಮಧ್ಯೆ ಯಾವ ಬೋರ್ಡೂ ಬೇಡ. ಸಾಮಾನ್ಯ ಆಲ್ಕಲೈನ್ ಸೆಲ್ ನಾಲ್ಕು ಹಾಕಬೇಡಿ, ಹೊಸದಿದ್ದಾಗ 6 ವೋಲ್ಟ್ ದಾಟುತ್ತೆ. ಅದಾದರೆ ಮೂರು ಸಾಕು.

ಕಾಲೇಜ್_ಸರ್ಕ್ಯೂಟ್

ಸರ್, ಈಗಿನ ಕಾಲದಲ್ಲಿ ಪೆನ್ಸಿಲ್ ಸೆಲ್ಲಾ? ನಾವು ಹುಬ್ಬಳ್ಳಿಯಲ್ಲಿ ಕಾಲೇಜ್ ಫೆಸ್ಟ್‌ಗೆ ಎಲ್ಲ 18650 ಅನ್ನೋ ಲಿಥಿಯಂ ಸೆಲ್ಲಲ್ಲೇ ಮಾಡೋದು. ಒಂದು ಸೆಲ್ ಹೆಬ್ಬೆರಳ ದಪ್ಪ, 18 ಮಿಮೀ ಅಗಲ, 65 ಮಿಮೀ ಉದ್ದ. ಅದರಲ್ಲೇ 2500 ಮಿಲಿ ಆಂಪಿಯರ್ ಅವರ್. ಒಂದು ಚಾರ್ಜಿಂಗ್ ಮಾಡ್ಯೂಲ್, ವೋಲ್ಟೇಜ್ ಏರಿಸುವ ಒಂದು ಬೂಸ್ಟರ್, ಡಬ್ಲ್ಯೂಎಸ್2812ಬಿ ಎಲ್‌ಇಡಿ ಪಟ್ಟಿ ಹಾಕಿದರೆ ಒಂದೊಂದು ದೀಪಕ್ಕೂ ಬೇರೆ ಬಣ್ಣ ಕೊಡಬಹುದು. ಗದೆ ಎತ್ತಿದರೆ ನೀಲಿ, ಬೀಸಿದರೆ ಕೆಂಪು, ಬಡಿದರೆ ಬಿಳಿ ಮಿಂಚು. ಚಲನೆ ಹಿಡಿಯುವ ಸೆನ್ಸರ್ ಹಾಕಿದರೆ ಆಯ್ತು.

ಬೆಸುಗೆ_ಹುಬ್ಬಳ್ಳಿ

ತಮ್ಮಾ, ಫೆಸ್ಟ್‌ನಲ್ಲಿ ಮಾಡಿದವನೇ ಹಿಡಿದುಕೊಂಡು ನಿಂತಿರುತ್ತಾನೆ. ಇಲ್ಲಿ ಮಾಡಿದವನು ಒಬ್ಬ, ಹಿಡಿಯುವವನು ಇನ್ನೊಬ್ಬ, ಟೆಂಪೋದಲ್ಲಿ ಎಸೆಯುವವನು ಮತ್ತೊಬ್ಬ. ಒಳಗೆ ಏನಿದೆ ಅಂತ ಗೊತ್ತಿಲ್ಲದವರ ಕೈಗೂ ಹೋಗುತ್ತೆ.

18650 ಕೆಟ್ಟದ್ದಲ್ಲ, ನಾನೂ ಬಳಸುತ್ತೇನೆ. ಆದರೆ ಅದರ ಮೈ ಪೂರ್ತಿ ನೆಗೆಟಿವ್. ಮೇಲಿರೋದು ತೆಳ್ಳನೆ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಪಾಸಿಟಿವ್ ತುದಿಯ ಅಂಚಿನಲ್ಲಿ ಅದು ಚೂರು ಹರಿದು, ಒಂದು ತಗಡಿನ ತುಣುಕು ಅಡ್ಡ ಬಂದರೆ ನೇರ ಶಾರ್ಟ್. ಜೇಬಿನಲ್ಲಿ ಕೀಲಿ, ಚಿಲ್ಲರೆ ಜೊತೆ ಬಿಡಿ ಸೆಲ್ ಇಟ್ಟುಕೊಂಡು ಓಡಾಡುವವರನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತೆ.

ಹಾಕಲೇಬೇಕು ಅಂದರೆ:

ಸೆಲ್ ಮೇಲೆ 9900 ಅಂತ ಬರೆದಿದ್ದರೆ ಅಂಗಡಿಯಲ್ಲೇ ವಾಪಸ್ ಇಡಿ. ಆ ಗಾತ್ರದಲ್ಲಿ ಸುಮಾರು 3500ರ ಮೇಲೆ ಸಿಗೋದೇ ಅಪರೂಪ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಸೆಲ್ ವೇಷಕ್ಕೆ ಬೇಡವೇ ಬೇಡ. ಮನುಷ್ಯರ ಮೈಮೇಲೆ ಕಟ್ಟುವ ಸಾಮಾನು ಅದು.

ಸೆಲ್‌ಗೆ ನೇರವಾಗಿ ಸೋಲ್ಡರ್ ಹಾಕಬೇಡಿ, ಬಿಸಿಗೆ ಒಳಗಿನ ಪದರ ಹಾಳಾಗುತ್ತೆ. ಹೋಲ್ಡರ್ ಬಳಸಿ. ಇಲ್ಲವೇ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿಯವರ ಹತ್ತಿರ ಸ್ಪಾಟ್ ವೆಲ್ಡಿಂಗ್ ಮಾಡಿಸಿ.

ಟಿಪಿ4056 ಚಾರ್ಜಿಂಗ್ ಮಾಡ್ಯೂಲ್‌ನಲ್ಲಿ ಎರಡು ಬಗೆ ಇದೆ. ಬರೀ ಚಾರ್ಜ್ ಮಾಡೋದು ಒಂದು. ಬ್ಯಾಟರಿ ತೀರಾ ಇಳಿದರೆ, ಶಾರ್ಟ್ ಆದರೆ ಕಟ್ ಮಾಡೋದು ಇನ್ನೊಂದು. ಎರಡನೆಯದರಲ್ಲಿ ಔಟ್ ಪ್ಲಸ್, ಔಟ್ ಮೈನಸ್ ಅಂತ ಬೇರೆ ಎರಡು ಬಿಂದು ಇರುತ್ತವೆ. ಅದನ್ನೇ ತನ್ನಿ. ಅದು 1 ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತೆ, ಹಾಗಾಗಿ ಪುಟ್ಟ ಚಪ್ಪಟೆ ಲಿಥಿಯಂ ಸೆಲ್‌ಗೆ ಹಾಕಿದರೆ ಆ ಸೆಲ್ ತಡೆದುಕೊಳ್ಳಲ್ಲ.

ಬ್ಯಾಟರಿ ಯಾವುದೇ ಇರಲಿ, ಪಾಸಿಟಿವ್ ತಂತಿಗೆ ಫ್ಯೂಸ್ ಬೇಕೇ ಬೇಕು. ಅದೂ ಬ್ಯಾಟರಿ ಪಕ್ಕದಲ್ಲೇ, ಸ್ವಿಚ್‌ಗಿಂತ ಮೊದಲು. ಪಟ್ಟಿ 600 ಮಿಲಿ ಆಂಪಿಯರ್ ಎಳೆದರೆ 1 ಆಂಪಿಯರ್ ಫ್ಯೂಸ್ ಸಾಕು. ಪೆನ್ಸಿಲ್ ಸೆಲ್‌ಗೆ ಯಾಕೆ ಫ್ಯೂಸ್ ಅನ್ನಬೇಡಿ. ರೀಚಾರ್ಜ್ ಸೆಲ್ ಶಾರ್ಟ್ ಆದರೆ ಸಣ್ಣ ತಂತಿಯನ್ನು ಕೆಂಪಗೆ ಕಾಯಿಸುತ್ತೆ. ಆ ತಂತಿ ನೈಲಾನ್ ಜರಿ ಬಟ್ಟೆಯ ಒಳಗೆ ಇರುತ್ತೆ, ನೆನಪಿರಲಿ.

ಹಳೇ_ಕಂಪನಿ

ಎಲ್ಲ ಓದಿದೆ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಸಾಮಾನೇ ಬೆಳಗಬೇಕು ಅಂತ ಯಾರು ಹೇಳಿದ್ದು? ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲು ಕಂಪನಿ ನಾಟಕ ನೋಡಿ ಬೆಳೆದವನು ನಾನು. ಹೊಳೆಯುವ ಬೇಗಡೆ ಹಾಳೆ, ಕನ್ನಡಿ ಚೂರು, ಬಣ್ಣದ ಕಲ್ಲು ಹಚ್ಚಿದ ಕಿರೀಟದ ಮೇಲೆ ಬೆಳಕು ಬಿದ್ದರೆ ಕಣ್ಣು ಕುಕ್ಕುತ್ತಿತ್ತು. ನಟ ತಲೆ ತಿರುಗಿಸಿದಂತೆ ಮಿಂಚು ಹರಿದಾಡುತ್ತಿತ್ತು. ಈಗ ಕಿರೀಟಕ್ಕೆ ಬಲ್ಬು ಹಚ್ಚಿ ಗಣಪತಿ ಪೆಂಡಾಲ್ ಮಾಡಿಟ್ಟಿದ್ದಾರೆ.

ಅದಕ್ಕಿಂತ ಭಯ ಇನ್ನೊಂದು. ಕೆಲವು ಹಳ್ಳಿಗಳಲ್ಲಿ ಮದುವೆ ಮನೆ ಸೀರಿಯಲ್ ಸೆಟ್ ತುಂಡು ಮಾಡಿ, ಬಯಲಾಟದ ಸಿಂಹಾಸನಕ್ಕೆ, ಪ್ರಭಾವಳಿಗೆ ಸುತ್ತುತ್ತಾರೆ. ಅದು 230 ವೋಲ್ಟ್. ಬೆವರಿದ ಮೈ, ಬರಿಗಾಲು, ಹಸಿ ನೆಲ. ಯಾರಿಗೂ ಇನ್ನೂ ಏನೂ ಆಗಿಲ್ಲ ಅನ್ನೋದೇ ಅವರ ಧೈರ್ಯ.

ಸೈಡ್_ವಿಂಗ್

ಹಳೇ ಕಂಪನಿ ಕಾಕಾ ಹೇಳಿದ್ದರಲ್ಲಿ ಅರ್ಧ ನನಗೆ ಪೂರ್ತಿ ಒಪ್ಪಿಗೆ. ಧಾರವಾಡದಲ್ಲಿ ಸೃಜನಾ ರಂಗಮಂದಿರ ಇರಲಿ, ಕಲಾಭವನ ಇರಲಿ, ಎಲ್ಲಿ ಸ್ಪಾಟ್, ಡಿಮ್ಮರ್ ಕೈಗೆ ಸಿಗುತ್ತೋ ಅಲ್ಲಿ ಬೇಗಡೆಯೇ ಗೆಲ್ಲುತ್ತೆ. ಬಯಲಲ್ಲಿ ಹಾಗಲ್ಲ. ಎದುರಿಗೆ ಎರಡು ದೊಡ್ಡ ಫ್ಲಡ್ ಲೈಟ್ ಇಟ್ಟುಬಿಟ್ಟರೆ ಎಲ್ಲವೂ ಚಪ್ಪಟೆ ಕಾಣುತ್ತೆ. ಅಲ್ಲಿ ಒಂದು ಸಾಮಾನು ತಾನೇ ಬೆಳಗಿದರೆ ಹಿಂದಿನ ಸಾಲಿನವರಿಗೂ ಕಾಣುತ್ತೆ.

ಹಾಗಾಗಿ ಕಿರೀಟಕ್ಕೆ ಬೇಗಡೆ, ಕನ್ನಡಿ. ನಡುವಿನ ದೊಡ್ಡ ಕೆಂಪು ಕಲ್ಲಿನ ಹಿಂದೆ ಮಾತ್ರ ಒಂದೆರಡು ಎಲ್‌ಇಡಿ. ಉಳಿದ ದುಡ್ಡು, ಬ್ಯಾಟರಿ ಎಲ್ಲ ಗದೆ, ಚಕ್ರಕ್ಕೆ ಇಡಿ. ಒಂದೇ ದೃಶ್ಯದಲ್ಲಿ ಮೂರೂ ಝಗಮಗ ಅಂದರೆ ಯಾವುದನ್ನೂ ನೋಡೋಕಾಗಲ್ಲ.

ನಾನು ವೇದಿಕೆ ಪಕ್ಕದ ವಿಂಗ್‌ನಲ್ಲಿ ನಿಲ್ಲುವವಳು. ನನಗೆ ಬೇಕಾದ್ದು ಬೇರೆ.

ಸ್ವಿಚ್ ನಟನ ಹೆಬ್ಬೆರಳಿಗೆ ನೋಡದೆ ಸಿಗಬೇಕು. ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಅನ್ನುವ ಬಟನ್ ಬೇಡ. ಕತ್ತಲಲ್ಲಿ ಅದು ಯಾವ ಸ್ಥಿತಿಯಲ್ಲಿದೆ ಅಂತ ಗೊತ್ತಾಗಲ್ಲ. ಜಾರಿಸುವ ಸ್ವಿಚ್ ಹಾಕಿ, ಮುಂದೆ ಆನ್, ಹಿಂದೆ ಆಫ್. ಎಲ್ಲ ಸಾಮಾನಿಗೂ ಒಂದೇ ದಿಕ್ಕು.

ತಾಲೀಮಿಗೆ ಕೊನೆಯ ದಿನ ತರಬೇಡಿ. ಗದೆ ತೂಕ ಬದಲಾದರೆ ಹೆಜ್ಜೆಯೇ ಬದಲಾಗುತ್ತೆ. ದೀಪ ಇಲ್ಲದಿದ್ದರೂ ಅಷ್ಟೇ ತೂಕದ ಗದೆಯನ್ನು ಮೊದಲ ವಾರದಿಂದಲೇ ಕೈಗೆ ಕೊಡಿ.

ಕಾಲರ್ ಮೈಕ್ ಇದ್ದರೆ ಅದರ ಟ್ರಾನ್ಸ್‌ಮಿಟರ್ ಒಂದು ಸೊಂಟಕ್ಕೆ, ಬ್ಯಾಟರಿ ಇನ್ನೊಂದು ಸೊಂಟಕ್ಕೆ. ಅಗ್ಗದ ಬೂಸ್ಟರ್ ಬೋರ್ಡು ಪಕ್ಕದಲ್ಲೇ ಇದ್ದರೆ ಮೈಕಿನಲ್ಲಿ ಕೀಂ ಅನ್ನುತ್ತೆ.

ತಲೆಯಿಂದ ಸೊಂಟಕ್ಕೆ ವೈರ್ ಇಳಿಸಿದರೆ ಬೆನ್ನ ಮೇಲೆ ನೇರ ಇಳಿಯಲಿ, ಕುತ್ತಿಗೆಗೆ ಸುತ್ತು ಬರಬಾರದು. ಮಧ್ಯೆ ಎಳೆದರೆ ಬಿಚ್ಚಿಕೊಳ್ಳುವ ಕನೆಕ್ಟರ್ ಇರಲಿ. ಕಿರೀಟ ಸಿಕ್ಕಿಕೊಂಡರೆ ವೈರ್ ಬಿಚ್ಚಬೇಕು, ನಟ ಬೀಳಬಾರದು.

ಮಿಂಚಿನ ಎಫೆಕ್ಟ್ ಮಾಡುವ ಹುಡುಗರಿಗೆ: ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಫಳಫಳ ಅನ್ನಿಸಬೇಡಿ. ನೋಡುವವರಲ್ಲಿ ಮೂರ್ಛೆರೋಗ ಇರುವವರು ಇದ್ದರೆ ಅದರಿಂದಲೇ ಫಿಟ್ಸ್ ಬರಬಹುದು.

ಗದಗ_ಟೀಚರಕ್ಕ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಶಾಲೆಯ ಮಕ್ಕಳ ನಾಟಕಕ್ಕೆ ಹತ್ತು ಕಂದೀಲು ಬೇಕು. ಅಂಗಡಿಯಲ್ಲಿ ಬಟನ್ ಸೆಲ್ ಹಾಕುವ ಪ್ಲಾಸ್ಟಿಕ್ ದೀಪ ಅಗ್ಗಕ್ಕೆ ಸಿಗುತ್ತವೆ. ಅವನ್ನೇ ಒಳಗೆ ಇಟ್ಟರೆ ನಡೆಯುತ್ತಾ?

ಬೆಸುಗೆ_ಹುಬ್ಬಳ್ಳಿ

ಅಕ್ಕಾ, ಮಕ್ಕಳಿದ್ದಲ್ಲಿ ಬಟನ್ ಸೆಲ್ ಬೇಡ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಲು ಶುರುವಾಗುತ್ತೆ. ಸೆಲ್ ಸೋರಬೇಕು ಅಂತೇನಿಲ್ಲ, ಒದ್ದೆ ಜಾಗದಲ್ಲಿ ಕರೆಂಟ್ ಹರಿದೇ ಸುಡುತ್ತೆ. ಹಾಗೇನಾದರೂ ಅನುಮಾನ ಬಂದರೆ ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು.

ಕಂದೀಲಿಗೆ ಮೂರು ಎಎಎ (ಸಣ್ಣ ಪೆನ್ಸಿಲ್) ಸೆಲ್‌ನ, ಸ್ಕ್ರೂ ಮುಚ್ಚಳದ ಹೋಲ್ಡರ್ ತನ್ನಿ. ಒಂದು ವಾರ್ಮ್ ವೈಟ್ ಎಲ್‌ಇಡಿಗೆ 47 ಓಮ್ ರೆಸಿಸ್ಟರ್. ರೀಚಾರ್ಜ್ ಸೆಲ್ ಮೂರು ಸೇರಿ 3.7 ವೋಲ್ಟ್ ಹತ್ತಿರ, ಎಲ್‌ಇಡಿಗೆ 3 ಹೋಗುತ್ತೆ, ಉಳಿದದ್ದು ರೆಸಿಸ್ಟರ್‌ಗೆ. ಸುಮಾರು 15 ಮಿಲಿ ಆಂಪಿಯರ್. ನಾಟಕ ಇರಲಿ, ಇಡೀ ವಾರದ ತಾಲೀಮಿಗೆ ಸಾಕು.

ಎಲ್‌ಇಡಿಯನ್ನು ಜನರ ಕಡೆ ಮುಖ ಮಾಡಿ ಇಡಬೇಡಿ. ಚುಕ್ಕಿ ಚುಕ್ಕಿಯಾಗಿ ಚುಚ್ಚುತ್ತೆ. ಮೇಲ್ಮುಖವಾಗಿ ಇಟ್ಟು, ಮುಚ್ಚಳದ ಒಳಗೆ ಬಿಳಿ ಕಾಗದ ಅಂಟಿಸಿ, ಗಾಜಿನ ಜಾಗದಲ್ಲಿ ಬಟರ್ ಪೇಪರ್ ಹಾಕಿ. ಆಗ ಕಂದೀಲು ತುಂಬ ಬೆಳಕು ಕಾಣುತ್ತೆ, ಹಿಡಿದ ಮಗುವಿನ ಮುಖಕ್ಕೂ ಬೀಳುತ್ತೆ.

ಗದಗ_ಟೀಚರಕ್ಕ

ಬಟನ್ ಸೆಲ್ ವಿಷಯ ಗೊತ್ತೇ ಇರಲಿಲ್ಲ. ಸ್ಟಾಫ್ ರೂಮಿನಲ್ಲೂ ಹೇಳುತ್ತೇನೆ. ಧನ್ಯವಾದ ರೀ.

ಹಾನಗಲ್_ಪರದೆ

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಬೆಸುಗೆ ಅಣ್ಣನ ಪ್ರಶ್ನೆಗೆ ಉತ್ತರ: ಗದೆ ಎರಡು ದೃಶ್ಯ, ಒಟ್ಟು ಸುಮಾರು 40 ನಿಮಿಷ. ಚಕ್ರ ಹತ್ತು ನಿಮಿಷವೂ ಇಲ್ಲ. ಏಟು ಗದೆಗೆ ಮಾತ್ರ, ಅದೂ ನೆಲಕ್ಕೆ. ಚಾರ್ಜ್ ಮಾಡುವವನು ಮೊಬೈಲ್ ಅಂಗಡಿ ಹುಡುಗನೇ, ಒಪ್ಪಿದ್ದಾನೆ.

ಕಿರೀಟ ಬೇಗಡೆಯದ್ದೇ ಅಂತ ನಿನ್ನೆ ತೀರ್ಮಾನ ಮಾಡಿದೆವು. ಬಣ್ಣ ಹಚ್ಚುವ ಅಜ್ಜನಿಗೆ ಬಹಳ ಖುಷಿ ಆಯ್ತು.

ಈಗ ಸಮಸ್ಯೆ ಚಕ್ರದ್ದು. ಬೆರಳ ಮೇಲೆ ನಿಜವಾಗಿ ತಿರುಗಬೇಕು ಅಂತ ಕೃಷ್ಣನ ವೇಷದವರು ಹಟ ಹಿಡಿದಿದ್ದಾರೆ. ತಿರುಗಿದರೆ ವೈರ್ ಸುತ್ತಿಕೊಳ್ಳಲ್ವಾ?

ಕಾಲೇಜ್_ಸರ್ಕ್ಯೂಟ್

ಇದು ನನ್ನ ಏರಿಯಾ! ಚಕ್ರ ತಿರುಗೋದು ಬೇಡ, ಬೆಳಕು ತಿರುಗಲಿ. 10 ಇಂಚಿನ ಚಕ್ರ ಅಂದರೆ ಸುತ್ತಳತೆ ಸುಮಾರು 80 ಸೆಂಮೀ. ಮೀಟರಿಗೆ 30 ದೀಪದ ಪಟ್ಟಿ ಅಂಚಿಗೆ ಸುತ್ತಿದರೆ 24 ದೀಪ. ಒಂದು ಹೊತ್ತಿಗೆ ಆರೇ ದೀಪ ಹೊತ್ತಿಸಿ, ಅವನ್ನು ಅಂಚಿನ ಸುತ್ತ ಓಡಿಸಿದರೆ ಹತ್ತು ಅಡಿ ದೂರದಿಂದ ಚಕ್ರವೇ ತಿರುಗಿದಂತೆ ಕಾಣುತ್ತೆ. ಬಾಲದ ಕಡೆಯ ದೀಪಗಳ ಬೆಳಕು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗಿ, ಇನ್ನೂ ನಂಬುವ ಹಾಗಿರುತ್ತೆ.

ಲೆಕ್ಕವನ್ನೂ ಮಾಡಿದ್ದೇನೆ, ಬೆಸುಗೆ ಸರ್ ಬೈಯಬಾರದಲ್ಲ! ಒಂದೊಂದು ದೀಪ ಪೂರ್ತಿ ಬಿಳಿ ಉರಿದರೆ 60 ಮಿಲಿ ಆಂಪಿಯರ್. 24ಕ್ಕೆ 1.4 ಆಂಪಿಯರ್ ದಾಟುತ್ತೆ. ಆದರೆ ನಮಗೆ ಬೇಕಾದ್ದು ಹಳದಿ, ಅಂದರೆ ಕೆಂಪು, ಹಸಿರು ಎರಡೇ, 40. ಅದನ್ನೂ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಆರು ದೀಪಕ್ಕೆ 80. ಆರಿದ ದೀಪವೂ ಒಳಗಿನ ಚಿಪ್‌ಗೆ ಅಂತ ಸುಮಾರು 1 ಮಿಲಿ ಆಂಪಿಯರ್ ಕುಡಿಯುತ್ತೆ, ಹಾಗೆ 24. ದೀಪ ಓಡಿಸುವ ಪ್ರೋಗ್ರಾಂ ಬೋರ್ಡಿಗೆ 20. ಎಲ್ಲ ಸೇರಿ 125. ನಾಲ್ಕು ಎಎಎ ರೀಚಾರ್ಜ್ ಸೆಲ್ 800ರದ್ದು ಹಾಕಿದರೆ ಆರು ಗಂಟೆ. ತೂಕ ಸುಮಾರು 50 ಗ್ರಾಂ. ಒಂದು 18650 ತೂಗಿದರೂ ಅಷ್ಟೇ ಬರುತ್ತೆ! ಅದಕ್ಕೇ ಚಕ್ರದ ಮಟ್ಟಿಗೆ ಪೆನ್ಸಿಲ್ ಸೆಲ್‌ಗೆ ನನ್ನ ವೋಟು.

ಬೆಸುಗೆ_ಹುಬ್ಬಳ್ಳಿ

ಭೇಷ್. ಎರಡು ಸೇರಿಸುತ್ತೇನೆ. ಪಟ್ಟಿಯ ಮೊದಲ ದೀಪದ ಡೇಟಾ ತಂತಿಗೆ 330 ಓಮ್ ರೆಸಿಸ್ಟರ್ ಹಾಕಿ. ಪಟ್ಟಿಯ ಪ್ಲಸ್, ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಕಾಲು ತಿರುಗುಮುರುಗು ಆಗದಂತೆ ನೋಡಿ. ಬೋರ್ಡು 5 ವೋಲ್ಟ್‌ನದ್ದೇ ಇರಲಿ. 3.3 ವೋಲ್ಟ್ ಬೋರ್ಡಿನ ಸಿಗ್ನಲ್ ಈ ಪಟ್ಟಿಗೆ ಸಾಕೂ ಅಲ್ಲ, ಸಾಲದೂ ಅಲ್ಲ ಅನ್ನೋ ಹಾಗೆ ಇರುತ್ತೆ. ಮನೆಯಲ್ಲಿ ಚೆನ್ನಾಗಿ ಓಡಿ, ವೇದಿಕೆ ಮೇಲೆ ಬಣ್ಣ ಬಣ್ಣ ಉಗುಳುತ್ತೆ.

ಆರಿದಾಗಲೂ ಕುಡಿಯುತ್ತೆ ಅಂತ ನೀನೇ ಹೇಳಿದೆಯಲ್ಲ, ಹಾಗಾಗಿ ಪ್ರೋಗ್ರಾಂನಲ್ಲಿ ಆಫ್ ಮಾಡಿದರೆ ಸಾಲದು. ಬ್ಯಾಟರಿಯನ್ನೇ ಕಡಿಯುವ ಸ್ವಿಚ್ ಬೇಕು.

ಈಗ ಗದೆ. ಇದಕ್ಕೆ ಪ್ರೋಗ್ರಾಂ, ಬೋರ್ಡು ಏನೂ ಬೇಡ. ಕಾರಣ ಇದೆ. ನೆಲಕ್ಕೆ ಬಡಿದಾಗ ಹೋಲ್ಡರ್‌ನ ಸ್ಪ್ರಿಂಗ್ ಕುಣಿದು ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಕಡಿಯುತ್ತೆ. ಬೋರ್ಡು ಇದ್ದರೆ ಅದು ರೀಸ್ಟಾರ್ಟ್ ಆಗಿ ಮೊದಲಿನಿಂದ ಶುರು ಮಾಡುತ್ತೆ. ಸಾದಾ ಪಟ್ಟಿ ಆದರೆ ಒಂದು ಸಲ ಮಿಣುಕಿ ಮತ್ತೆ ಉರಿಯುತ್ತೆ. ಏಟಿನ ಹೊತ್ತಿಗೆ ಮಿಣುಕಿದರೆ ಜನ ಅದೂ ನಾವೇ ಮಾಡಿಸಿದ್ದು ಅಂದುಕೊಳ್ಳುತ್ತಾರೆ.

ನಾನು ಕಟ್ಟುವ ಬಗೆ ಹೀಗಿದೆ. ಬೆನ್ನೆಲುಬು ಒಂದೇ ಉದ್ದನೆಯ ಪಿವಿಸಿ ಪೈಪು, ಹಿಡಿಯಿಂದ ತಲೆಯ ತುದಿವರೆಗೆ. ಮಧ್ಯೆ ಜೋಡಣೆ ಇದ್ದರೆ ಮುರಿಯೋದು ಅಲ್ಲೇ. ಎಎ ಸೆಲ್ 14.5 ಮಿಮೀ ದಪ್ಪ, 50 ಮಿಮೀ ಉದ್ದ. ನಾಲ್ಕನ್ನು ಟಾರ್ಚಿನಂತೆ ಸಾಲಾಗಿ ಹಿಡಿಯ ಒಳಗೆ ಇಳಿಸಿದರೆ 20 ಸೆಂಮೀ ಆಯ್ತು. ಭಾರ ಕೈ ಹತ್ತಿರ ಇರುತ್ತೆ, ಬೀಸೋದು ಹಗುರ. ಪೈಪಿನಲ್ಲಿ ಸೆಲ್ ಅಲ್ಲಾಡಿದರೆ ಕಾರ್ಡ್‌ಶೀಟ್ ಸುರುಳಿ ಸುತ್ತಿ ಬಿಗಿ ಮಾಡಿ. ಕೆಳಗಿನ ಮುಚ್ಚಳ ಬರೀ ತಿರುಪಿನದ್ದು ಸಾಲದು, ಅಡ್ಡಕ್ಕೆ ಒಂದು ಬೋಲ್ಟ್ ಹಾಯಿಸಿ ನಟ್ ಬಿಗಿಯಿರಿ. ಬೀಸಿದ ರಭಸಕ್ಕೆ ಸೆಲ್ ಹಾರಿ ಮುಂದಿನ ಸಾಲಿನವರ ಹಣೆಗೆ ಬೀಳಬಾರದು.

ತಲೆಯ ಭಾಗದಲ್ಲಿ ಪೈಪಿಗೆ ಬಿಳಿ ಕಾಗದ ಸುತ್ತಿ, ಅದರ ಮೇಲೆ ಐದು ವೋಲ್ಟ್ ವಾರ್ಮ್ ವೈಟ್ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ. ಪಟ್ಟಿ ಹಿಂದಿನ ಅಂಟನ್ನು ನಂಬಬೇಡಿ, ಪ್ರತಿ ನಾಲ್ಕು ಬೆರಳಿಗೆ ಒಂದು ಟೈ ಕಟ್ಟಿ. ಅದರ ಮೇಲೆ ಟಿವಿ ಪ್ಯಾಕಿಂಗ್‌ನಲ್ಲಿ ಬರುವ ತೆಳು ಬಿಳಿ ಫೋಮ್ ಶೀಟು ನಾಲ್ಕೈದು ಸುತ್ತು. ಚುಕ್ಕಿ ಮಾಯವಾಗಿ ಹಾಲಿನಂಥ ಬೆಳಕು ಬರುತ್ತೆ, ಏಟನ್ನೂ ಅದೇ ನುಂಗುತ್ತೆ. ಮೇಲಿಂದ ದಪ್ಪ ಇವಿಎ ಫೋಮ್‌ನ ಎಸಳುಗಳು, ನಡುವೆ ಬೆರಳಗಲ ಸಂದು ಬಿಟ್ಟು. ಎಸಳಿಗೆ ಚಿನ್ನದ ಬಣ್ಣ, ಸಂದಿನಿಂದ ಬೆಳಕು. ತುದಿಗೆ ಊರುಗೋಲಿನ ರಬ್ಬರ್ ಬುಷ್. ಹತ್ತಿರದಲ್ಲಿ ಆರತಿ, ಕರ್ಪೂರ ಬರುವ ದೃಶ್ಯ ಇದ್ದರೆ ಗದೆ ದೂರ ಇರಲಿ, ಈ ಫೋಮ್ ಬೇಗ ಹೊತ್ತಿಕೊಳ್ಳುತ್ತೆ.

ಅಗತ್ಯಕ್ಕಿಂತ ಉದ್ದ ಪಟ್ಟಿ ಸುತ್ತಬೇಡಿ. ಸುತ್ತಿದ ಮೇಲೆ ಮಲ್ಟಿಮೀಟರ್ ಹಚ್ಚಿ ಕರೆಂಟು ನೋಡಿ. 600ರ ಸುತ್ತ ಇದ್ದರೆ 2000ದ ಸೆಲ್‌ನಲ್ಲಿ ಮೂರು ಗಂಟೆ. ನಿಮಗೆ ಬೇಕಾದ್ದು 40 ನಿಮಿಷ.

ಈಗ ಕೆಡುವ ಜಾಗ. ಹತ್ತರಲ್ಲಿ ಒಂಬತ್ತು ಸಲ ಆರೋದು ಬ್ಯಾಟರಿಯಿಂದ ಅಲ್ಲ, ವೈರ್ ತುಂಡಾಗಿ. ಅದೂ ಸೋಲ್ಡರ್ ಹಾಕಿದ ಜಾಗದಲ್ಲಿ ಅಲ್ಲ, ಅದರ ಪಕ್ಕದಲ್ಲಿ. ಸೋಲ್ಡರ್ ಎಳೆಗಳ ಒಳಗೆ ಹರಿದು ಗಟ್ಟಿಯಾಗಿರುತ್ತೆ. ಗಟ್ಟಿ ಭಾಗ ಮುಗಿದು ಮೆತ್ತನೆ ಭಾಗ ಶುರುವಾಗುವ ಗೆರೆಯಲ್ಲೇ ಬಾಗಿ ಬಾಗಿ ಕಡಿಯುತ್ತೆ. ಅದಕ್ಕೆ ಒಂಟಿ ತಂತಿ ಬೇಡ, ಹಲವು ಎಳೆಯ ಮೆತ್ತನೆ ವೈರ್ ತನ್ನಿ. ಸೋಲ್ಡರ್ ಮೇಲೆ ಒಂದು ಇಂಚು ಆಚೆಗೂ ಬರುವಂತೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಆಮೇಲೆ ವೈರನ್ನು ಪೈಪಿಗೆ ಟೈ ಕಟ್ಟಿ, ಎಳೆತ ಟೈ ಮೇಲೆ ಬೀಳಲಿ. ಗ್ಲೂ ಗನ್ ಅಂಟು ಬೇಸಿಗೆಯಲ್ಲಿ ಮೆತ್ತಗಾಗುತ್ತೆ, ನಿಮ್ಮ ಬಾಡಿಗೆ ಕಿರೀಟ ಅದಕ್ಕೇ ಬಿಟ್ಟಿದ್ದು. ಸಿಲಿಕೋನ್ ಹಾಕೋದಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ, ಅದರ ಆಮ್ಲ ತಾಮ್ರ ತಿನ್ನುತ್ತೆ. ನ್ಯೂಟ್ರಲ್ ಅಂತ ಕೇಳಿ.

ಹಳೇ_ಕಂಪನಿ

ಕಿರೀಟ ಥರ್ಮಾಕೋಲ್‌ನಲ್ಲಿ ಕೊರೆಯುವವರಿಗೆ ಒಂದು ಮಾತು: ಹಳದಿ ರಬ್ಬರ್ ಅಂಟು, ಸ್ಪ್ರೇ ಪೇಂಟ್ ನೇರ ಹಾಕಬೇಡಿ, ಕರಗಿ ಗುಂಡಿ ಬೀಳುತ್ತೆ. ಬಿಳಿ ಫೆವಿಕಾಲ್, ಅದರ ಮೇಲೆ ಕಾಗದ, ಅದರ ಮೇಲೆ ಬಣ್ಣ. ಮತ್ತೆ ಆ ಕೆಂಪು ಕಲ್ಲಿನ ಹಿಂದೆ ಬಿಳಿ ದೀಪ ಹಾಕಬೇಡಿ, ಕೆಂಪೇ ಹಾಕಿ. ಬಿಳಿ ಹಾಕಿದರೆ ಕಲ್ಲು ಗುಲಾಬಿ ಆಗುತ್ತೆ.

ಬೆಸುಗೆ_ಹುಬ್ಬಳ್ಳಿ

ಸರಿಯಾಗಿ ಹೇಳಿದಿರಿ ಕಾಕಾ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಮೂರು ಎಎಎ ಹಾಕಿದರೆ ರೆಸಿಸ್ಟರ್ 100 ಓಮ್. ಸೆಲ್ ಪೆಟ್ಟಿಗೆ ಕಿರೀಟದ ಹಿಂಭಾಗದಲ್ಲೇ ಇರಲಿ, ಮುಂದಿನ ಕಲ್ಲಿನ ಭಾರಕ್ಕೆ ಸಮತೂಕವೂ ಆಗುತ್ತೆ. ಲಿಥಿಯಂ ಮಾತ್ರ ತಲೆಗೆ ಬೇಡ.

ಸೈಡ್_ವಿಂಗ್

ಚಾರ್ಜ್ ಮಾಡುವ ಹುಡುಗನಿಗೆ ಒಂದಿಷ್ಟು.

ಎರಡು ಡಬ್ಬಿ ಇಡಲಿ. ಒಂದಕ್ಕೆ ಹಸಿರು ಟೇಪು, ಚಾರ್ಜ್ ಆದವು. ಇನ್ನೊಂದಕ್ಕೆ ಕೆಂಪು, ಬಳಸಿದವು. ಒಂದು ಗದೆಯ ನಾಲ್ಕು ಸೆಲ್‌ಗೂ ಒಂದೇ ನಂಬರು ಬರೆದು ಯಾವಾಗಲೂ ಜೊತೆಯಲ್ಲೇ ಇಡಿ. ಹೊಸದು, ಹಳೆಯದು ಕಲಸಿದರೆ ದುರ್ಬಲವಾದದ್ದು ಮೊದಲು ಖಾಲಿಯಾಗಿ ಉಳಿದವು ಅದನ್ನು ಉಲ್ಟಾ ಹಿಂಡುತ್ತವೆ. ಪ್ರತಿ ಆಟಕ್ಕೆ ಒಂದು ಸೆಟ್ ಹೆಚ್ಚಿಗೆ ವಿಂಗ್‌ನಲ್ಲಿ ಇರಲಿ, ಬೋಲ್ಟ್ ಬಿಚ್ಚುವ ಸ್ಪ್ಯಾನರ್ ಅದರ ಡಬ್ಬಿಗೇ ದಾರ ಕಟ್ಟಿ ನೇತಾಡಲಿ.

ಮಧ್ಯಾಹ್ನ ಟೆಂಪೋ ನಿಲ್ಲಿಸಿದಾಗ ಡ್ಯಾಶ್‌ಬೋರ್ಡ್ ಮೇಲೆ ಸೆಲ್ ಬಿಡಬೇಡಿ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ. ಸೀಸನ್ ಮುಗಿದ ಮೇಲೆ ಸೆಲ್ ಎಲ್ಲ ಹೊರಗೆ ತೆಗೆದಿಡಿ. ಮುಂದಿನ ವರ್ಷ ಬಿಚ್ಚಿದಾಗ ಸೋರಿ ಹಸಿರು ಕಿಲುಬು ಹಿಡಿದ ಸ್ಪ್ರಿಂಗ್ ನೋಡೋದಕ್ಕೆ ಬೇಜಾರು.

ಲಿಥಿಯಂ ಬಳಸುವವರು ಚಾರ್ಜ್ ಮಾಡುವಾಗ ಬಣ್ಣದ ಮನೆಯ ಬಟ್ಟೆ ಗಂಟಿನ ಮೇಲೆ ಇಡಬಾರದು. ಕಲ್ಲು ಇಲ್ಲವೇ ಟೈಲ್ಸ್ ನೆಲ, ಸುತ್ತ ಖಾಲಿ, ಎಚ್ಚರ ಇರುವ ಒಬ್ಬರು. ಉಬ್ಬಿದ ಸೆಲ್ ಮತ್ತೆ ಚಾರ್ಜ್ ಮಾಡಬಾರದು. ಹೊಗೆ ಬಂದರೆ ಕೈಯಲ್ಲಿ ಎತ್ತಲು ಹೋಗಬೇಡಿ, ಜನರನ್ನು ಹೊರಗೆ ಕಳಿಸಿ, ಚಾರ್ಜರ್ ಪ್ಲಗ್‌ನ ಕರೆಂಟ್ ಕಡಿದು, ದೂರದಿಂದ ನೀರು ಸುರಿಯಿರಿ. ಇಂಥ ಸಣ್ಣ ಲಿಥಿಯಂ ಸೆಲ್‌ಗೆ ಬೇಕಾದ್ದು ತಂಪು. ಜ್ವಾಲೆ ಆರಿದಂತೆ ಕಂಡರೂ ಒಳಗೆ ಬಿಸಿ ಇದ್ದು ಮತ್ತೆ ಹೊತ್ತುತ್ತೆ. ಹಾಳಾದ ಸೆಲ್ ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದ್ದು. ಕೊಂಡ ಅಂಗಡಿಯಲ್ಲಿ ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಕೇಳಿ.

ಕಾಲೇಜ್_ಸರ್ಕ್ಯೂಟ್

ಅಕ್ಕಾ, ಒಂದು ಡೌಟು. ನಮ್ಮ ತಂಡ ದೆಹಲಿಗೆ ವಿಮಾನದಲ್ಲಿ ಹೋಗೋದಿದೆ. ನಮ್ಮದು 18650. ಬಿಡ್ತಾರಾ?

ಸೈಡ್_ವಿಂಗ್

ಬಿಡಿ ಲಿಥಿಯಂ ಸೆಲ್, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್ ಅವರ್ ಒಳಗಿದ್ದರೆ ಬೇರೆ ಅನುಮತಿ ಬೇಡ. 3.6 ವೋಲ್ಟ್‌ಗೆ 2.5 ಗುಣಿಸಿದರೆ ನಿನ್ನ ಒಂದು ಸೆಲ್ 9 ವ್ಯಾಟ್ ಅವರ್. ಒಂದೊಂದನ್ನೂ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತುದಿಗೆ ಟೇಪು ಹಚ್ಚಿ. ಎಷ್ಟು ಸೆಲ್ ತರಬಹುದು ಅಂತ ಟಿಕೆಟ್ ಮಾಡುವಾಗಲೇ ವಿಮಾನದವರನ್ನು ಕೇಳಿಬಿಡು. ಗದೆ ಮಾತ್ರ ಲಗೇಜಿಗೆ ಹಾಕು, ಕೈಯಲ್ಲಿ ಹಿಡಿದು ಒಳಗೆ ಹೋಗುತ್ತೇನೆ ಅನ್ನಬೇಡ ಮಾರಾಯಾ.

ಹಾನಗಲ್_ಪರದೆ

ಸಾಮಾನು ತಂದಾಯಿತು. ಹುಬ್ಬಳ್ಳಿ ದುರ್ಗದಬೈಲ್, ಕೊಪ್ಪಿಕರ್ ರಸ್ತೆ ಎರಡೂ ಸುತ್ತಿದೆವು. ಫೋಮ್ ಶೀಟು ಟಿವಿ ಅಂಗಡಿಯವರು ಪುಕ್ಕಟೆ ಕೊಟ್ಟರು. ಊರುಗೋಲಿನ ಬುಷ್ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಚಕ್ರದ ಬೆಳಕು ಓಡೋದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿದರೆ ಕಪ್ಪು ಪಟ್ಟೆ ಪಟ್ಟೆ ಕಾಣುತ್ತಿದೆ. ಕಣ್ಣಿಗೆ ಚೆನ್ನಾಗಿದೆ. ಏನಾದರೂ ತಪ್ಪಾಗಿದೆಯಾ?

ಕಾಲೇಜ್_ಸರ್ಕ್ಯೂಟ್

ಇಲ್ಲ ಅಣ್ಣಾ, ವೈರಿಂಗ್ ಸರಿ ಇದೆ. ಈ ಪಟ್ಟಿ ಬೆಳಕು ಕಡಿಮೆ ಮಾಡೋದು ಬಹಳ ವೇಗವಾಗಿ ಆರಿಸಿ ಹೊತ್ತಿಸಿ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾ ಹಿಡಿಯುತ್ತೆ. ಶಟರ್ ಸ್ಪೀಡ್ 1/50ಕ್ಕೆ ಇಳಿಸಿ ತೆಗೆಯಿರಿ, ಬಹುಮಟ್ಟಿಗೆ ಹೋಗುತ್ತೆ. ಬೆಳಕು ಪೂರ್ತಿ ಏರಿಸಿದರೂ ಹೋಗುತ್ತೆ, ಆದರೆ ಆಗ ಬ್ಯಾಟರಿ ಲೆಕ್ಕ ಮತ್ತೆ ಮೊದಲಿನಿಂದ ಮಾಡಬೇಕು.

ಬೆಸುಗೆ_ಹುಬ್ಬಳ್ಳಿ

ವಿಡಿಯೋಗೋಸ್ಕರ ಬೆಳಕು ಏರಿಸಬೇಡಿ. ಕೃಷ್ಣನ ಕಣ್ಣಿಗೆ ಹೊಡೆಯುತ್ತೆ, ಮುಂದಿನ ಮೆಟ್ಟಿಲು ಕಾಣಲ್ಲ. ಗದೆಗೆ ಫ್ಯೂಸ್ ಹಾಕಿದ ಫೋಟೋ ಕಳಿಸಿ, ನೋಡುತ್ತೇನೆ. ಎರಡು ಫ್ಯೂಸ್ ಹೆಚ್ಚಿಗೆ ತಂದು ಹಿಡಿಯ ಮುಚ್ಚಳದ ಒಳಗೇ ಟೇಪ್ ಹಚ್ಚಿ ಇಟ್ಟುಬಿಡಿ.